ಅಣ್ಣನ ಅಕ್ಕಿ

೨೭ ಅಕ್ಟೋಬರ್ ೧೮೯೬, ಮಂಗಳವಾರ. ಕೊಂಬೈ.

ಸಕಲ ಚೇಷ್ಟೆಗಳ ಅಧಿಪತಿಯಾದ ನಾನು ಈ ದಿನ ಒಪ್ಪಿಕೊಳ್ಳುವುದೇನೆಂದರೆ:

ಶುಕ್ರವಾರ ಅಣ್ಣನ ಹಣೆಯಲ್ಲಿ ಸರ್ಪಸುತ್ತು ಎದ್ದಿತು. ಇಲ್ಲಿನ ತಮಿಳರು ಅದನ್ನು ಅಕ್ಕಿ ಎನ್ನುತ್ತಾರೆ. ಅದು ವಾಸಿಯಾಗಲು ಗುಳ್ಳೆಗಳ ಮೇಲೆ ಕುಂಬಾರನೇ ಕಾವಿಮಣ್ಣಿನಲ್ಲಿ ಬರೆಯಬೇಕು.

"ಲೋ, ಅಣ್ಣಂಗೆ ಅಕ್ಕಿ ಅಂತ ಕುಂಬಾರಂಗೆ ಸೊಲ್ಲು, ಓಡು!" ಎಂದಳು ಪಾಪಮ್ಮಾಳತ್ತೆ. ನಾನು ಓಡದೆ, ಮೊರದ ತುಂಬ ಅನ್ನದ ಅಕ್ಕಿ ತಂದು ಅಣ್ಣನ ಮುಂದೆ ಗಂಭೀರವಾಗಿ ಇಟ್ಟೆ. ಅಣ್ಣನೇ ಬಿದ್ದು ಬಿದ್ದು ನಕ್ಕ.

ನಾನು ಹೋಗುವಷ್ಟರಲ್ಲಿ ಕುಂಬಾರ ಚಿನ್ನಮನೂರಿಗೆ ಹೊರಟುಹೋಗಿದ್ದ. ಬಂದದ್ದು ಇಂದು. ಗುಳ್ಳೆ ಎಡಗಣ್ಣಿಗೆ ಇಳಿದಿತ್ತು.

"ಕಣ್ಣೊಳಗೆ ಬರೆಯಕ್ಕಾಗಲ್ಲ, ಸಾಮಿ," ಎಂದು ಮಣ್ಣು ಕಲಸಿದ ಚಿಪ್ಪನ್ನು ಎತ್ತಿಕೊಂಡು ಹೊರಟ.

ಒಂದೇ ಚಾಪೆಯಲ್ಲಿ ಮಲಗುವ ನನಗೆ ಒಂದು ಗುಳ್ಳೆಯೂ ಇಲ್ಲ.

ಸಂಜೆ ಅಣ್ಣನ ಪಕ್ಕದಲ್ಲಿ ಕೂತು ಕೋತಿಮುಖ ಮಾಡಿದೆ.

"ತಂಬೀ, ಎಲ್ಲಿ ಹೋದೆ?" ಎಂದ.

ನಾನು ಅವನ ಎಡಕ್ಕೇ ಕೂತಿದ್ದೆ.