ಎಡಕ್ಕೇ ತಿರುಗುವವನು

೧೪ ಜೂನ್, ಭಾನುವಾರ
ಅಡುಗೆಮನೆಯ ಮೇಜಿನಿಂದ

ಅಖಂಡ ಓಟಸಾಮ್ರಾಜ್ಯದ ಚಕ್ರವರ್ತಿನಿಯೂ, ಎಂಟುನೂರು ಮೀಟರಿನ ಏಕೈಕ ಒಡತಿಯೂ, ಸ್ನಾನದಮನೆಯನ್ನು ಗಂಟೆಗಟ್ಟಲೆ ಆಕ್ರಮಿಸಿಕೊಳ್ಳುವ ಮಹಾಪರಾಕ್ರಮಿಯೂ ಆದ ಅಕ್ಕನವರ ಪಾದಾರವಿಂದಗಳಲ್ಲಿ, ಒಂದೇ ಜೊತೆ ಸಾಕ್ಸನ್ನು ವಾರಪೂರ್ತಿ ಧರಿಸುವ ನಿಷ್ಠಾವಂತ ತಮ್ಮನ ಸಾಷ್ಟಾಂಗ ಪ್ರಣಾಮಗಳು.

ಬರೆಯುವುದು ತಡವಾಯಿತು, ಹೊಟ್ಟೆಗೆ ಹಾಕಿಕೋ. ಸೋದರತ್ತೆಯ ಮನೆಗೆ ಹೋದಾಗಿನಿಂದ ನೀನು ಫೋನ್ ತೆಗೆಯುವುದಿಲ್ಲ. ಅತ್ತೆ ತೆಗೆದು "ಮಲಗಿದಾಳೆ ಕಣೋ" ಅನ್ನುತ್ತಾರೆ. ಒಬ್ಬಳು ಅದೆಷ್ಟು ಮಲಗಬಹುದು ಎಂದು ಸೋಜಿಗಪಟ್ಟು, ಕೊನೆಗೆ ಕಾಗದ ಹಿಡಿದಿದ್ದೇನೆ.

ಇಲ್ಲಿ ಎಲ್ಲರೂ ಕ್ಷೇಮ. ಅಪ್ಪ ಹೊಸ ಕನ್ನಡಕ ಹಾಕಿಕೊಂಡು ಹಳೆಯದನ್ನು ಹುಡುಕುತ್ತಾರೆ. ಅಮ್ಮ ನಿನ್ನ ಪದಕಗಳನ್ನು ಗೋಡೆಯಿಂದ ಇಳಿಸಿದಳು. ಮಾರನೆಯ ದಿನ ಮತ್ತೆ ತೂಗುಹಾಕಿದಳು. ಕೇಳಿದರೆ, "ಮೊಳೆ ಗಟ್ಟಿ ಇದೆಯಾ ಅಂತ ನೋಡ್ದೆ, ಅಷ್ಟೆ" ಎಂದಳು. ನಾವೂ ನಂಬಿದೆವು.

ಹೃದಯದ ಡಾಕ್ಟರು "ಇನ್ನು ಓಡೋದು ಬೇಡಮ್ಮ, ಯಾವತ್ತೂ" ಎಂದಾಗ ನೀನು ಬಗ್ಗಿ ಶೂ ಕಟ್ಟಿಕೊಳ್ಳುತ್ತಿದ್ದೆ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದೆ. ಆಮೇಲೆ ಮೆಟ್ಟಿಲ ಮೇಲೆ "ನೀನಾದ್ರೂ ಓಡು" ಅಂದೆ. ನಾನು ಹೂಂಗುಟ್ಟಿದೆ. ಓಡಲಾಗಲಿಲ್ಲ ಅಕ್ಕ. ಟ್ರ್ಯಾಕಿನಲ್ಲಿ ಪಕ್ಕದ ನಿನ್ನ ಲೇನು ಖಾಲಿ ಬಿದ್ದಿರುತ್ತದೆ, ಕಣ್ಣು ಅಲ್ಲಿಗೇ ಹೋಗುತ್ತದೆ. "ಕಾಲಿಗೇನು ಗೋಂದು ಹಚ್ಕೊಂಡಿದೀಯೇನೋ?" ಎಂದು ಕೋಚ್ ಕೂಗಿದರು. ಗೋಂದಿನ ಗುಣಮಟ್ಟವನ್ನು ಕೊಂಡಾಡಿ ಮನೆಗೆ ಬಂದುಬಿಟ್ಟೆ.

ನನ್ನನ್ನು ಎಬ್ಬಿಸಿದ್ದು ಮೂಲೆಯ ಬೇಕರಿಯಾಕೆ. ಬೆಳಗಿನ ಬ್ರೆಡ್ಡೆಲ್ಲ ಹೊರಗೆ ಬಂದ ಮೇಲೆ ಗುಡ್ಡದ ಕಾಲುದಾರಿಗಳಲ್ಲಿ ಓಡುತ್ತಾರಲ್ಲ, ಅವರೇ. "ಬಾರೋ ನನ್ಜೊತೆ. ಅಲ್ಲಿ ಲೇನೂ ಇಲ್ಲ, ಕೋಚೂ ಇಲ್ಲ. ನಾಯಿ ಇದೆ, ಅಷ್ಟೇ" ಅಂದರು. ನಾಯಿ ಇದ್ದದ್ದು ನಿಜ.

ಅವರು ತಮ್ಮ ಪಾಡಿಗೆ ಮೇಲೆ ಹೋದರು. ನಾನು ಹಿಂದುಳಿದೆ. ದಾರಿ ಕವಲೊಡೆದಲ್ಲೆಲ್ಲ ತಿರುಗಿ ತಿರುಗಿ, ಬೆವರು ಸುರಿಸಿ, ಶಿಖರ ಮುಟ್ಟಿದೆನೆಂದು ಕಣ್ಣೆತ್ತಿದರೆ ಹೊರಟಲ್ಲಿದ್ದ ನೀರಿನ ಟ್ಯಾಂಕು! ಮತ್ತೆ ಹೊರಟೆ. ಮತ್ತೆ ಅದೇ ಟ್ಯಾಂಕು. ಅಷ್ಟರಲ್ಲಿ ಬೇಕರಿಯಾಕೆ ಗುಡ್ಡ ಮುಗಿಸಿ ಇಳಿದು ಬಂದಿದ್ದರು.

"ಟ್ಯಾಂಕ್ ಕಾಯ್ತಿದೀಯಾ?"

"ದಾರಿ ಸರಿಯಿಲ್ಲ."

"ಯಾವ ಕಡೆ ತಿರುಗ್ತಿದೀಯ?"

"ಎಡಕ್ಕೆ. ಇನ್ಯಾವ ಕಡೆ ತಿರುಗ್ತಾರೆ?"

ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ಪೆದ್ದಾ, ಇದು ಗುಡ್ಡ ಕಣೋ. ಬಲಕ್ಕೂ ತಿರುಗಬಹುದು!"

ಇಷ್ಟು ವರ್ಷ ಟ್ರ್ಯಾಕಿನ ಸುತ್ತು ಹಾಕುತ್ತ ನಾವಿಬ್ಬರೂ ಎಡಕ್ಕೇ ತಿರುಗಿದವರಲ್ಲವೇ? ನೀನು ಮುಂದೆ, ನಾನು ಹಿಂದೆ. ಬಲಕ್ಕೆ ತಿರುಗುವಾಗ ನಿನ್ನ ಕೈ ಬಿಟ್ಟಂತಾಯಿತು. ಆದರೂ ತಿರುಗಿದೆ. ಏರು, ಕಲ್ಲು, ಬೇರು, ಆಮೇಲೆ ಉದ್ದಕ್ಕೂ ಇಳಿಜಾರು. ಒಬ್ಬರಷ್ಟೇ ಹಿಡಿಯುವ ದಾರಿ. ಪಕ್ಕದಲ್ಲಿ ಯಾರೂ ಇಲ್ಲವೆಂದು ಅಲ್ಲಿ ಅನಿಸುವುದೇ ಇಲ್ಲ. ಕಾಲು ತಾನಾಗಿ ಓಡಿತು. ಬಿದ್ದು ಮೊಣಕಾಲು ತರಚಿತು, ಬಾಯಿಗೆ ಮಣ್ಣು ಹೋಯಿತು, ಗಂಟಲು ಹರಿಯುವಂತೆ ಕೇಕೆ ಹಾಕಿದೆ. ಮಹಾರಾಣಿ, ಆ ಒಂದೊಂದು ಹೆಜ್ಜೆಯನ್ನೂ ನಿನಗಾಗಿಯೇ ಇಟ್ಟೆ.

ಮುಂದಿನ ತಿಂಗಳು ಗುಡ್ಡದ ಓಟದ ಸ್ಪರ್ಧೆಯಿದೆ. ಹೆಸರು ಕೊಡಲೇ? ನೀನು ಬೇಡವೆಂದರೆ ಬೇಡ, ನಿಜವಾಗಿ. ಹೂಂ ಅಥವಾ ಊಹೂಂ, ಒಂದೇ ಮಾತು ಬರೆ. ಸಿಟ್ಟಿದ್ದರೆ ಬೈದಾದರೂ ಬರೆ.

ದೊಡ್ಡವಳನ್ನು ಹರಸುವಷ್ಟು ನಾನು ದೊಡ್ಡವನಲ್ಲ. ಆದರೂ ಹರಸುತ್ತೇನೆ: ನೂರು ಕಾಲ ಬಾಳು. ನಿಧಾನವಾಗಿ ಬಾಳು, ಅವಸರವೇನಿಲ್ಲ.

ಇತಿ ನಿನ್ನ,
ಬಾಲ

ತಾ.ಕ.: ನಿನಗಾಗಿಯೇ ಎಂದು ಬರೆದದ್ದು ಸುಳ್ಳು. ಆ ಇಳಿಜಾರಿನಲ್ಲಿ ನಿನ್ನ ನೆನಪೇ ಇರಲಿಲ್ಲ ಅಕ್ಕ. ಅದಕ್ಕೇ ಅಷ್ಟು ಚೆನ್ನಾಗಿತ್ತು.