ಹದಿನಾರು ಹಲ್ಲಿನ ಆಕ್ಸಲ್

ಗೋರ್ನೊ ಸೆಲಿಶ್ಟೆ,
೧೪ ಅಕ್ಟೋಬರ್ ೧೯೯೪

ಪ್ರೀತಿಯ ವೆಲ್ಕೊ,

ಕೈ ಹೇಗಿದೆ? ಹೊಲಿಗೆ ಬಿಚ್ಚಿದ ಮೇಲೆ ತುರಿಕೆ ಕಡಿಮೆಯಾಯಿತೇ? ಪ್ಲೊವ್ದಿವ್‌ನ ಡಾಕ್ಟರು ಇನ್ನೂ ಬಿಡುತ್ತಿಲ್ಲ ಅಂತ ನೀನು ಬರೆದಿದ್ದೆ. ಹೊಟ್ಟೆ ತುಂಬ ತಿನ್ನು. ಇಲ್ಲಿ ಮಾವ ದಿನವಿಡೀ ಬೈಯುತ್ತಿದ್ದಾರೆ, ಅಂದರೆ ಆರೋಗ್ಯವಾಗಿದ್ದಾರೆ.

ಸೌದೆ ಹೇರಿದ ನಮ್ಮ ಲಾರಿಯನ್ನು ನಾನು ಏರು ಹತ್ತಿಸುತ್ತಿದ್ದೆ, ಅದರ ಹಿಂದಿನ ಎಡಗಡೆ ಆಕ್ಸಲ್ 'ಟಕ್' ಅಂತ ತುಂಡಾಯಿತು. ಇಂಜಿನ್ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ. ಆ ಮಾದರಿಯ ಬಿಡಿಭಾಗ ಮಾಡುವುದನ್ನೇ ನಿಲ್ಲಿಸಿ ಎಷ್ಟೋ ವರ್ಷವಾಯಿತಂತೆ. ಮೇಲಿನ ಹನ್ನೊಂದು ಮನೆಗಳ ಚಳಿಗಾಲದ ಸೌದೆ ಇನ್ನೂ ಕಾಡಿನಲ್ಲೇ ಇತ್ತು. ಊರಲ್ಲಿ ಬೇರೆ ಲಾರಿಯಿಲ್ಲ. ಮಾವ ಊರುಗೋಲು ಕುಟ್ಟಿ, "ಶೆಡ್ ಬಾಗಿಲು ತೆಗಿ ಸೆವ್ದಾ, ನಾವೇ ಮಾಡೋಣ" ಅಂದರು.

ಅಲ್ಲಿ ಕಬ್ಬಿಣ ಕಡೆಯುವ ಲೇತಿನ ಬೆಲ್ಟಿಗೆ ನಿನ್ನ ಬೆರಳು ಸಿಕ್ಕಿದ ದಿನದಿಂದ ನಾನು ಆ ಬಾಗಿಲು ಮುಟ್ಟಿರಲಿಲ್ಲ. ತೆಗೆದ ಕೂಡಲೇ ಎಣ್ಣೆಯ ವಾಸನೆ. ಗೂಟದಲ್ಲಿ ನಿನ್ನ ನೀಲಿ ಅಂಗಿ. ನಮ್ಮ ಮದುವೆಯಾದ ವರ್ಷ ನೆನಪಾಯಿತು: ಊಟಕ್ಕೆ ಕೂತರೆ ನಿನ್ನ ತಲೆಯಿಂದ ಕಬ್ಬಿಣದ ಚೂರು ಬೀನ್ಸ್ ಸಾರಿಗೆ ಉದುರುತ್ತಿತ್ತು, ನಿಮ್ಮಮ್ಮ ಸೌಟು ತೋರಿಸಿ, "ಇವನಿಗೆ ಉಪ್ಪೇ ಬೇಡ" ಅಂತ ನಗುತ್ತಿದ್ದರು. ಭಾನುವಾರ ನನ್ನ ಬೆನ್ನ ಹಿಂದೆ ನಿಂತು, ನನ್ನ ಕೈಮೇಲೆ ನಿನ್ನ ಕೈಯಿಟ್ಟು ಉಳಿ ಹಿಡಿಯಲು ಕಲಿಸುತ್ತಿದ್ದೆ. ಅದನ್ನು ನಾನು ಬರೀ ಪ್ರೀತಿ ಅಂದುಕೊಂಡಿದ್ದೆ, ಪಾಠವೂ ಆಗಿತ್ತು ಅಂತ ಈಗ ಗೊತ್ತಾಯಿತು. ನಿಂತಲ್ಲೇ ಸ್ವಲ್ಪ ಅತ್ತುಬಿಟ್ಟೆ. ಆಮೇಲೆ ಮೊದಲು ಬೆಲ್ಟಿಗೆ ತಗಡಿನ ಮರೆ ಕಟ್ಟಿದೆ.

ಮುಚ್ಚಿದ ಕಲ್ಲುಗಣಿಯಿಂದ ದೊಡ್ಡ ಲಾರಿಯ ಎರಡು ಹಳೇ ಆಕ್ಸಲ್ ತಂದೆವು. ಒಂದನ್ನು ಕುಲುಮೆಯಲ್ಲಿ ಕಾಯಿಸಿ, ಬೂದಿಯಲ್ಲಿ ಹೂತು ಮೆತ್ತಗೆ ಮಾಡಿ, ಲೇತಿನಲ್ಲಿ ನಮ್ಮ ಅಳತೆಗೆ ಇಳಿಸಿದೆ. ಗೇರಿನೊಳಗೆ ಕೂರುವ ತುದಿಯಲ್ಲಿ ಹದಿನಾರು ಹಲ್ಲು ಕೊರೆಯುವುದೇ ಕಷ್ಟ. ಒಂದೊಂದು ಹಲ್ಲಿನ ಸಂದಿಗೂ ಉಳಿಯನ್ನು ಕೈಯಿಂದಲೇ ನೂರಾರು ಸಲ ಎಳೆಯಬೇಕು. ನಾಲ್ಕು ದಿನ ಹಿಡಿಯಿತು. ಮಾವ ಕನ್ನಡಕ ಏರಿಸಿ ಎಣಿಸಿದರು. "ಭಲೇ ಸೊಸೆಯೇ! ಹದಿನೇಳು ಹಲ್ಲು! ಒಂದು ನನ್ನ ಬಾಯಿಗೆ ಹಾಕ್ಕೊಳ್ಳಲಾ?" ನಾನು ಉಳಿ ಎಸೆದು ಹೊರಗೆ ಹೋದೆ. ಹಿಂದಿರುಗಿದಾಗ ಅವರು ಎರಡನೆಯ ಆಕ್ಸಲನ್ನು ಕುಲುಮೆಗಿಟ್ಟು, ತಿದಿ ಒತ್ತುತ್ತಾ, ಏನೂ ನಡೆದೇ ಇಲ್ಲವೆಂಬಂತೆ ಕೂತಿದ್ದರು.

ಅದು ಸರಿಯಾಗಿ ಬಂತು. ಗಟ್ಟಿಯಾಗಲೆಂದು ಮತ್ತೆ ಕೆಂಪಗೆ ಕಾಯಿಸಿ, ಮಾವ "ಈಗ!" ಅಂದ ಕ್ಷಣ ಎಣ್ಣೆಯಲ್ಲಿ ಅದ್ದಿದೆ. ನನ್ನ ಹುಬ್ಬು ಸ್ವಲ್ಪ ಸುಟ್ಟಿದೆ, ನಗಬೇಡ. ಬುಧವಾರ ಅದೇ ಏರನ್ನು ತುಂಬಿದ ಲಾರಿ ಹತ್ತಿತು. ಹನ್ನೊಂದು ಮನೆಗೂ ಸೌದೆ ಮುಟ್ಟಿದೆ. ಮಾವ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಶಿಲುಬೆ ಗುರುತು ಮಾಡಿಕೊಂಡರು, ಮೇಲೆ ತಲುಪಿದ ಮೇಲೆ "ನಂಗೇನು ಭಯ?" ಅಂದರು.

ಅವರ ಆಶೀರ್ವಾದ, ನನ್ನ ಮುತ್ತುಗಳು.

ನಿನ್ನ
ಸೆವ್ದಾ

ಮತ್ತೆ: ಇದನ್ನು ಬರೆಯಲೆಂದೇ ಕಾಗದ ತೆಗೆದದ್ದು. ಲಕೋಟೆಯ ಮೇಲೆ ನಿಮ್ಮಕ್ಕನ ಮನೆಯ ವಿಳಾಸ ನೋಡಿದಾಗಲೇ ನಿನಗೆ ಗೊತ್ತಾಗಿರುತ್ತದೆ. ಆಸ್ಪತ್ರೆಗೆ ಫೋನ್ ಮಾಡಿದ್ದೆ, ಮೂರು ವಾರದ ಹಿಂದೆಯೇ ನಿನ್ನನ್ನು ಕಳಿಸಿದರಂತೆ. ನಿಮ್ಮಕ್ಕ ಎಲ್ಲ ಒಪ್ಪಿಕೊಂಡಳು. ಎರಡೇ ಬೆರಳು ಉಳಿದ ಕೈ ಹೇಗೆ ತೋರಿಸಲಿ ಅಂತ ತಾನೇ ಅಲ್ಲಿ ಅಡಗಿರೋದು? ಪೆದ್ದ. ಮುಂದಿನ ವಾರ ಶನಿವಾರ ಬೆಳಿಗ್ಗೆ ಲಾರಿ ತರುತ್ತೇನೆ, ಚೀಲ ಕಟ್ಟಿ ನಿಂತಿರು. ಹಿಂದಿನ ಚಕ್ರದಿಂದ ಏನೋ ಗೊಣಗು ಕೇಳಿಸ್ತಿದೆ. ಅದೇನಂತ ನಂಗೂ ಮಾವನಿಗೂ ಗೊತ್ತಾಗ್ತಿಲ್ಲ, ನೀನೇ ಕೇಳಿ ಹೇಳಬೇಕು.