ಹಾಲಿನ ಫೋಟೋ

ಅಂಗಡಿಯ ಮೇಲಿನ ಮನೆ,
೧೪ನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ,

ಹೇಗಿದ್ದೀಯ? ಕುತ್ತಿಗೆ ನೋವು ಕಡಿಮೆಯಾಯಿತೇ? ಬೆನ್ನು ಬಗ್ಗಿಸಿ ಚಿತ್ರ ಬರೆಯಬೇಡ, ಮೇಜು ಎತ್ತರ ಮಾಡಿಸಿಕೋ ಎಂದು ಹೇಳಿ ಹೇಳಿ ನನ್ನ ಬಾಯಿ ನೋಯಿತೇ ಹೊರತು ನಿನ್ನ ಕುತ್ತಿಗೆ ವಾಸಿಯಾಗಲಿಲ್ಲ. ಬಣ್ಣ ಮೆತ್ತಿದ ಕೈಯಲ್ಲೇ ತಿನ್ನುವ ಅಭ್ಯಾಸವನ್ನು ಈಗಲಾದರೂ ಬಿಟ್ಟಿರಬೇಕು. ನಿನ್ನ ನಾಲಿಗೆ ನೀಲಿಯಾಗಿ ಡಾಕ್ಟರು ಗಾಬರಿಯಾದದ್ದು ನಿನಗೆ ತಮಾಷೆ, ನನಗಲ್ಲ. ನನ್ನ ಮಂಡಿ ಮೊದಲಿನ ಹಾಗೇ ಇದೆ, ಮೆಟ್ಟಿಲು ಹತ್ತುವಾಗ ಮಾತ್ರ ತಾನೂ ಇದ್ದೇನೆ ಎನ್ನುತ್ತದೆ. ಅಪ್ಪನ ಮತ್ತು ಅಜ್ಜಿಯ ಯೋಗಕ್ಷೇಮ ಮಾತ್ರ ಒಂದು ಸಾಲಿನಲ್ಲಿ ಹೇಳುವಂಥದ್ದಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಅಜ್ಜಿಗೆ ಕಣ್ಣು ಮಂಜಾದಷ್ಟೂ ಕಿವಿ ಚುರುಕಾಗಿದೆ, ನಾನು ಅಡುಗೆಮನೆಯಲ್ಲಿ ಪಿಸುಗುಟ್ಟಿದರೂ ಅವರ ಕೋಣೆಯಿಂದ ಉತ್ತರ ಬರುತ್ತದೆ. ಅಲ್ಲದೆ ಈ ಅವಾಂತರವೆಲ್ಲ ಶುರುವಾದದ್ದೇ ಆ ಫೋನಿನಿಂದ.

ನೀನು ಏನು ಬರೆದಿದ್ದೆ, ಒಮ್ಮೆ ತೆಗೆದು ನೋಡಿಕೋ. "ಅಮ್ಮಾ, ಹಾಲಿನ ಫೋಟೋ ತೆಗೆದು ಕಳಿಸು, ಪುಸ್ತಕಕ್ಕೆ ಬೇಕು, ಅರ್ಜೆಂಟ್, ಕೆಲಸದಲ್ಲಿದೀನಿ ಫೋನ್ ಮಾಡ್ಬೇಡ." ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವಳು ನೀನು, ಯಾವುದೋ ಬೆಕ್ಕಿನ ಕಥೆ ಇರಬೇಕು, ಅದಕ್ಕೆ ಹಾಲು ಬೇಕಾಗಿದೆ ಎಂದುಕೊಂಡೆ. ಒಲೆಯ ಮೇಲೆ ಪಾತ್ರೆ ಇಟ್ಟು, ಕೆನೆ ಕಟ್ಟುವುದನ್ನೇ ಕಾದು, ಕಿಟಕಿಯ ಬೆಳಕು ಬೀಳುವ ಹಾಗೆ ನಿಂತು ಫೋಟೋ ತೆಗೆದೆ. ತೆಗೆಯುವ ಸಂಭ್ರಮದಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಹಾಳಾಯಿತು, ಅದನ್ನೂ ಒಂದು ಫೋಟೋ ತೆಗೆದೆ. ಎರಡನ್ನೂ ಕಳಿಸಿದರೆ ನೀನು ಹಲ್ಲು ಕಿರಿಯುವ ಮುಖ ಕಳಿಸಿ, "ಕುಡಿಯೋ ಹಾಲಲ್ಲಮ್ಮ, ಕೂರೋ ಹಾಲು" ಎಂದೆ. ಒಲೆ ಉಜ್ಜುತ್ತಿದ್ದ ನನಗೆ ನಗು ಬರಲಿಲ್ಲ. "ರೀ, ಇವಳಿಗೆ ಹಾಲಿನ ಫೋಟೋ ಬೇಕಂತೆ, ತೆಗೆದು ಕಳಿಸ್ಬೇಕಂತೆ, ನೀವೇ ನೋಡಿ" ಎಂದು ಕೆಳಗೆ ಕಟ್ಟು ಹಾಕುವ ಅಂಗಡಿಗೆ ಕೂಗಿ ಹೇಳಿದೆ. ನಿಮ್ಮಪ್ಪನಿಗೆ ಹಾಲಿನ ಫೋಟೋ ಎಂದರೆ ಜಗತ್ತಿನಲ್ಲಿ ಒಂದೇ, ಗೋಡೆಯ ಮೇಲಿರುವ ನಿಮ್ಮ ಅಜ್ಜನದು. ಅವರು ಏಣಿ ತಂದರು.

ನೀನು ಕೇಳಿದ್ದು ಗೋಡೆ, ಕಿಟಕಿ, ಕುರ್ಚಿಗಳ ಫೋಟೋ ಎಂದು ಈಗ ಗೊತ್ತಾಗಿದೆ, ಇನ್ನೊಮ್ಮೆ ಹೇಳಬೇಡ. ಫೋನಿನಲ್ಲಿ ಹಿಡಿಯುವುದೂ ತೆಗೆಯುವುದೇ, ಗೋಡೆಯಿಂದ ಇಳಿಸುವುದೂ ತೆಗೆಯುವುದೇ ಆದರೆ ನಾವು ಏನು ಮಾಡಬೇಕು? ಅಜ್ಜನ ಫೋಟೋ ನೋಡಿಕೊಂಡು ಮಗಳು ಪುಸ್ತಕದಲ್ಲಿ ಅಜ್ಜನ ಚಿತ್ರ ಬರೆಯುತ್ತಾಳಂತೆ ಎಂದು ನಿಮ್ಮಪ್ಪನಿಗೆ ಎಷ್ಟು ಹಿಗ್ಗು. ಎದುರುಗಡೆಯ ಟೈಲರ್‌ಗೆ, ಟೀ ತರುವವನಿಗೆ, ಒಡೆದ ಗಾಜು ಬದಲಾಯಿಸಲು ಬಂದ ಗಿರಾಕಿಗೆ, ಎಲ್ಲರಿಗೂ ಹೇಳಿದರು. ನೀನು ಮಾಡುವುದು ಗೀಚುವ ಕೆಲಸ ಎನ್ನುತ್ತಿದ್ದ ಮನುಷ್ಯ ಅಂದು ಒಂದೇ ದಿನದಲ್ಲಿ ನಿನ್ನನ್ನು ಕಲಾವಿದೆ ಮಾಡಿಬಿಟ್ಟರು. ಅಜ್ಜಿ ಪಕ್ಕದ ಮನೆಯ ಟೀಚರಮ್ಮನ ಜೊತೆ ಕಣ್ಣಿನ ಡಾಕ್ಟರ ಬಳಿ ಹೋಗಿದ್ದರು. ಅವರು ಬರುವುದರೊಳಗೆ ಪಾರ್ಸೆಲ್ ಮಾಡಿ ಮುಗಿಸೋಣ ಎಂದು ಇಬ್ಬರೂ ಸೇರಿ ಫೋಟೋ ಇಳಿಸಿದೆವು. ಅದಿದ್ದ ಜಾಗದಲ್ಲಿ ಗೋಡೆಯ ಹಳೆಯ ತಿಳಿಹಸಿರು ಬಣ್ಣ ಹೊಸದರ ಹಾಗೇ ಉಳಿದಿತ್ತು. ನಮ್ಮ ಮನೆಗೆ ಅಂಥ ಒಳ್ಳೆಯ ಬಣ್ಣ ಇತ್ತೆಂಬುದೇ ನನಗೆ ಮರೆತುಹೋಗಿತ್ತು.

ಗಾಜಿನ ಸಮೇತ ಕಳಿಸಿದರೆ ದಾರಿಯಲ್ಲಿ ಒಡೆಯುತ್ತದೆ, ಕಟ್ಟು ಬಿಚ್ಚಿ ಚಿತ್ರವನ್ನು ಮಾತ್ರ ಕೊಳವೆಯಲ್ಲಿ ಸುತ್ತಿ ಕಳಿಸಬೇಕು ಎಂದರು ನಿಮ್ಮಪ್ಪ. ಊರಿನವರ ಫೋಟೋಗಳಿಗೆಲ್ಲ ಕಟ್ಟು ಹಾಕಿದ ಮನುಷ್ಯ ತನ್ನ ಅಪ್ಪನ ಫೋಟೋದ ಕಟ್ಟನ್ನು ಒಮ್ಮೆಯೂ ಬಿಚ್ಚಿರಲಿಲ್ಲ. ಅಜ್ಜಿ ಬಿಟ್ಟಿದ್ದರೆ ತಾನೇ. "ಅದನ್ನ ಮುಟ್ಬೇಡ, ಹಳೇದು, ಗಾಳಿ ತಾಗಿದ್ರೆ ಹಾಳಾಗುತ್ತೆ" ಎಂದು ಒರೆಸಲೂ ಬಿಡುತ್ತಿರಲಿಲ್ಲ. ಅಚ್ಚಾದ ಪ್ರಿಂಟಿಗೂ ಫೋಟೋಗೂ ಇರುವ ವ್ಯತ್ಯಾಸವನ್ನು ಗಿರಾಕಿಗಳಿಗೆ ಭೂತಗನ್ನಡಿ ಹಿಡಿದು ಪಾಠ ಮಾಡುವವರು ಇವರು. ಆದರೆ ಅಷ್ಟೆತ್ತರದಲ್ಲಿ, ಮಂಜು ಹಿಡಿದ ಗಾಜಿನ ಹಿಂದೆ ಇದ್ದವರನ್ನು ಅಪ್ಪ ಎಂದು ನೋಡಿದರೇ ಹೊರತು ಫೋಟೋ ಎಂದು ಯಾವತ್ತೂ ನೋಡಲಿಲ್ಲ. ಮೊಳೆ ಕಿತ್ತರು, ಹಿಂದಿನ ರಟ್ಟು ತೆಗೆದರು, ಚಿತ್ರದ ಸುತ್ತ ಇದ್ದ ಬಿಳಿ ರಟ್ಟನ್ನೂ ಎತ್ತಿದರು. ನಿಮ್ಮ ಅಜ್ಜ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದಾರೆ, ಎಂಥ ಪ್ರಾಮಾಣಿಕ ಮನುಷ್ಯ ಎಂದು ನಾವೆಲ್ಲ ಹೇಳುತ್ತಿದ್ದೆವಲ್ಲ, ಆ ಕೈ ರಟ್ಟಿನ ಕೆಳಗೆ ಇಳಿದು ಒಂದು ಸೀಸೆ ಹಿಡಿದುಕೊಂಡಿತ್ತು. ಅದರ ಕೆಳಗೆ ಕೆಂಪು ಅಕ್ಷರದಲ್ಲಿ, "ಗಂಡಸಿನ ಮರ್ಯಾದೆಗೆ ಒಂದೇ ಸೀಸೆ. ಅಸಲಿ ಮೀಸೆ ಎಣ್ಣೆ. ಎಲ್ಲ ಒಳ್ಳೆಯ ಅಂಗಡಿಗಳಲ್ಲಿ ಸಿಗುತ್ತದೆ." ಹಾಗಾಗಿ ಪಾರ್ಸೆಲ್ ಬಿಚ್ಚಿ ನೀನು ನಿನ್ನೆ ಕೇಳಿದ ಪ್ರಶ್ನೆಗೆ ಇದೇ ಉತ್ತರ. ಅಜ್ಜನ ಕೈಯಲ್ಲಿ ಸೀಸೆ ಯಾಕಿದೆ ಎಂದರೆ ಆತ ಅಜ್ಜ ಅಲ್ಲ.

ಸುಳ್ಳು ಯಾಕೆ ಹೇಳಲಿ, ನನಗೆ ಮೊದಲು ನಗು ಬಂತು. ಸೆರಗು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದೆ. ಯಾಕೆಂದರೆ ಆ ಮೀಸೆಯ ದೆಸೆಯಿಂದ ನಾನು ಪಟ್ಟ ಪಾಡು ನನಗೇ ಗೊತ್ತು. ಮೀಸೆ ಚಿಗುರಿದ ದಿನದಿಂದ ನಿಮ್ಮಪ್ಪ ಅದನ್ನು ಆ ಫೋಟೋ ನೋಡಿಕೊಂಡೇ ಬೆಳೆಸಿದ್ದು, ಅದೇ ತಿರುವು, ಅದೇ ತುದಿ. ನಮ್ಮ ಮದುವೆಯಲ್ಲಿ ಗಂಡಿಗಿಂತ ಮೊದಲು ಒಳಗೆ ಬಂದದ್ದು ಮೀಸೆ ಎಂದು ನನ್ನ ಅಕ್ಕಂದಿರು ಇಂದಿಗೂ ಆಡಿಕೊಳ್ಳುತ್ತಾರೆ. ಬೆಳಿಗ್ಗೆ ಫೋಟೋ ಕೆಳಗೆ ಕನ್ನಡಿ ಹಿಡಿದು ನಿಂತರೆ ಕಾಫಿ ಆರಿದರೂ ಅವರಿಗೆ ಪರಿವೆಯಿಲ್ಲ. ನಗು ತಡೆದುಕೊಂಡು ಹೊರಗೆ ಬಂದು ನೋಡುತ್ತೇನೆ, ಅವರು ನೆಲದ ಮೇಲೆ ಕೂತು ಬಿಚ್ಚಿದ ಮೊಳೆಗಳನ್ನು ಒಂದೊಂದಾಗಿ ನೆಟ್ಟಗೆ ಮಾಡುತ್ತಿದ್ದರು. "ಐವತ್ತು ವರ್ಷ ಅಪ್ಪ ಅಂತ ಎಣ್ಣೆ ಮಾರೋನನ್ನ ನೋಡ್ಕೊಂಡು ಬೆಳೆದೆ ಕಣೇ, ನನಗೆ ಅಪ್ಪನ ಮುಖಾನೇ ಇಲ್ಲ ಈಗ" ಎಂದರು. ನನ್ನ ನಗೆಯೆಲ್ಲ ಅಲ್ಲಿಗೇ ಇಂಗಿಹೋಯಿತು. ಆಮೇಲೆ ಎದ್ದು, "ಕೇಳಿದಾಳಲ್ಲ, ಕಳಿಸು, ನನ್ನ ಕಣ್ಣೆದುರಿಗೆ ಬೇಡ" ಎಂದು ತಾವೇ ಸುತ್ತಿ ಕೊಳವೆಗೆ ತುಂಬಿದರು.

ಅಜ್ಜಿ ಬಂದರು. ಕಣ್ಣಿಗೆ ಔಷಧಿ ಹಾಕಿಸಿಕೊಂಡು ಬಂದಿದ್ದರೂ ಗೋಡೆ ಖಾಲಿ ಇರುವುದು ಮಾತ್ರ ಬಾಗಿಲಿನಿಂದಲೇ ಕಂಡಿತು. ಯಾರು ತೆಗೆದದ್ದು ಎಂದರು. ನಿಮ್ಮಪ್ಪ, "ಅಮ್ಮಾ, ಅವನು ಯಾರು?" ಎಂದರು. ಅಜ್ಜಿ ಕೋಣೆಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದರು. ಅಂದಿನಿಂದ ತಟ್ಟೆಯೂ ಅಲ್ಲಿಗೇ, ಲೋಟವೂ ಅಲ್ಲಿಗೇ. ಮಗನ ಜೊತೆ ಮಾತಿಲ್ಲ. ಮಗನಿಗೂ ಅಷ್ಟೇ ಹಟ, ಯಾರನ್ನು ಹೋಲುತ್ತಾರೋ ಏನೋ. ನಾನು ಇಬ್ಬರ ನಡುವೆ ತಟ್ಟೆ ಹೊತ್ತುಕೊಂಡು ಓಡಾಡುತ್ತಿದ್ದೇನೆ.

ನನ್ನ ಬಳಿ ಮಾತ್ರ ಅಜ್ಜಿ ಚೂರುಚೂರಾಗಿ ಬಾಯಿ ಬಿಟ್ಟರು. ಅಜ್ಜ ಮದುವೆಯಾದದ್ದೇ ತೀರ ತಡವಾಗಿ, ಕಣ್ಣು ಮುಚ್ಚುವಾಗ ಹೆಚ್ಚುಕಡಿಮೆ ಈಗಿನ ನಿಮ್ಮಪ್ಪನ ವಯಸ್ಸು. ನಿಮ್ಮಪ್ಪ ಆಗಿನ್ನೂ ಗೋಡೆ ಹಿಡಿದು ನಿಲ್ಲುವ ಕೂಸು. ಅಜ್ಜ ಜೀವನದಲ್ಲಿ ಒಂದೇ ಸಲ ಸ್ಟುಡಿಯೋಗೆ ಹೋಗಿದ್ದರಂತೆ. ಅಲ್ಲಾಡಬೇಡಿ ಎಂದರೂ ಸರಿಯಾಗಿ ಗುಂಡಿ ಒತ್ತುವ ಹೊತ್ತಿಗೆ ಸೀನಿದರಂತೆ. ಫೋಟೋದಲ್ಲಿ ಕೋಟು ಇತ್ತು, ಕುರ್ಚಿ ಇತ್ತು, ಕೊರಳಿನ ಮೇಲೆ ಬರೀ ಹೊಗೆ. ಅದನ್ನೂ ಇಲಿ ತಿಂದಿತು. ಮಗ ಶಾಲೆಗೆ ಹೋಗತೊಡಗಿದ ಮೇಲೆ, ಎಲ್ಲರ ಮನೆಯಲ್ಲೂ ಅಪ್ಪ ಇದ್ದಾರೆ, ಇಲ್ಲದವರ ಮನೆಯಲ್ಲಿ ಅಪ್ಪನ ಫೋಟೋ ಇದೆ, ನಮ್ಮ ಮನೆಯಲ್ಲಿ ಯಾವುದೂ ಇಲ್ಲ ಎಂದು ಅತ್ತನಂತೆ. ಅಜ್ಜಿ ಹಳೆಯ ಪ್ರಿಂಟುಗಳನ್ನು ರಾಶಿ ಹಾಕಿ ಮಾರುವ ಅಂಗಡಿಗೆ ಹೋಗಿ ಗಂಡನನ್ನು ಹುಡುಕಿದರು. ಒಬ್ಬ ರಾಜ ಇದ್ದನಂತೆ, ಅದು ಅತಿಯಾಯಿತು. ಒಬ್ಬ ಸಿಪಾಯಿ ಇದ್ದ, ಯಾವ ಯುದ್ಧ ಎಂದು ಜನ ಕೇಳುತ್ತಾರೆ. ಒಬ್ಬ ನಾಟಕದವನು ಚೆನ್ನಾಗಿಯೇ ಇದ್ದ, ಆದರೆ ನೋಟ ಸರಿಯಿರಲಿಲ್ಲ. "ಇವನೊಬ್ಬ ಮನೆಗೆ ತರೋ ಹಾಗಿದ್ದ" ಎಂದರು. ಸೀಸೆ ಮುಚ್ಚುವಂತೆ ಬಿಳಿ ರಟ್ಟು ಹಾಕಿಸಿ ಕಟ್ಟು ಹಾಕಿಸಿದರು. ಆ ಚೌಕಟ್ಟನ್ನು ನೋಡುತ್ತ ಬೆಳೆದ ಮಗ ಚೌಕಟ್ಟು ಕಟ್ಟುವ ಕೆಲಸಕ್ಕೇ ಹೋದ. ಅಜ್ಜಿ ಬೆಳಿಗ್ಗೆ ಆ ಫೋಟೋ ಮುಂದೆ ನಿಂತು, "ನೋಡಪ್ಪಾ, ಇವತ್ತೂ ಕಾಫಿ ನೀರಾಗಿದೆ" ಎಂದು ನನ್ನ ಮೇಲೆ ಚಾಡಿ ಹೇಳುತ್ತಿದ್ದರಲ್ಲ, ಗಂಡನನ್ನು ನೋಡಪ್ಪಾ ಎನ್ನುವ ಹೆಂಗಸನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಆಗಲೇ ನನಗೆ ಹೊಳೆಯಬೇಕಿತ್ತು.

ಇವತ್ತು ಬೆಳಿಗ್ಗೆ ನಿಮ್ಮಪ್ಪ ಮೀಸೆ ಬೋಳಿಸಿಬಿಟ್ಟರು. ಹೇಳಲಿಲ್ಲ, ಕೇಳಲಿಲ್ಲ. ಬಚ್ಚಲಿನಿಂದ ಯಾರೋ ಅಪರಿಚಿತ ಗಂಡಸು ಹೊರಗೆ ಬಂದ ಹಾಗಾಗಿ ನನ್ನ ಕೈಯಲ್ಲಿದ್ದ ಲೋಟ ಬಿತ್ತು. ಗೋಡೆಯ ಮೇಲೆ ಆ ತಿಳಿಹಸಿರು ಚೌಕ ಹೇಗಿದೆಯೋ ಹಾಗೇ ಮೂಗಿನ ಕೆಳಗೆ ಅಷ್ಟು ಜಾಗ ಬೆಳ್ಳಗೆ, ಹೊಸದಾಗಿ ಇದೆ. ಈಗ ಮುಖಕ್ಕೆ ಕರವಸ್ತ್ರ ಒತ್ತಿಕೊಂಡು, ಹಲ್ಲುನೋವು ಎಂದು ಎಲ್ಲರಿಗೂ ಹೇಳುತ್ತ ಅಂಗಡಿಯಲ್ಲಿ ಕೂತಿದ್ದಾರೆ. ಟೈಲರ್ ಬಂದು ಅವರನ್ನೇ, "ಯಜಮಾನ್ರು ಇಲ್ವಾ?" ಎಂದು ಕೇಳಿದನಂತೆ. "ಇಲ್ಲ" ಎಂದು ಕಳಿಸಿದರಂತೆ. ಅದನ್ನು ನನಗೆ ಹೇಳುವಾಗಲೂ ಅವರು ನಗಲಿಲ್ಲ ಪುಟ್ಟಿ. ನನಗೆ ಸಂಕಟವಾಗುತ್ತಿದೆ.

ಅದಕ್ಕೆ ಒಂದು ಯೋಚನೆ ಮಾಡಿದ್ದೇನೆ. ನೀನು ಆ ಸೀಸೆಯ ಜಾಗದಲ್ಲಿ ಒಂದು ಪುಸ್ತಕವನ್ನೋ ಹೂವನ್ನೋ ಬರೆದು, ಕೆಂಪು ಅಕ್ಷರ ಅಳಿಸಿ, ಬೇಗ ವಾಪಸ್ ಕಳಿಸಿಬಿಡು. ಗೋಡೆ ತುಂಬಿದರೆ ಅಜ್ಜಿ ಎದ್ದು ಬರುತ್ತಾರೆ, ಅಜ್ಜಿ ಎದ್ದರೆ ನಿಮ್ಮಪ್ಪನ ಹಟವೂ ಇಳಿಯುತ್ತದೆ. ಇದರಿಂದ ಅವರಿಗೆ ಅಪ್ಪ ಸಿಗುವುದಿಲ್ಲ ಎಂದು ನನಗೂ ಗೊತ್ತು. ಸದ್ಯಕ್ಕೆ ಇದಕ್ಕಿಂತ ಹೆಚ್ಚು ನನಗೆ ತೋಚುತ್ತಿಲ್ಲ. ನಿನ್ನ ಕೋಣೆಯ ಗೆಳತಿಗೆ ನನ್ನ ನೆನಪು ತಿಳಿಸು, ಅವಳ ಕೆಮ್ಮಿಗೆ ಬಿಸಿನೀರು ಕುಡಿಯಲು ಹೇಳು. ಬೆನ್ನು ನೆಟ್ಟಗೆ ಇಟ್ಟುಕೋ, ಹೊತ್ತಿಗೆ ಸರಿಯಾಗಿ ತಿನ್ನು, ನಿನ್ನ ಕೈಗೆ ಯಾವತ್ತೂ ಕೆಲಸ ತಪ್ಪದಿರಲಿ.

ಇಂತಿ,
ತಟ್ಟೆ ಹೊತ್ತು ಸುಸ್ತಾದ
ನಿನ್ನ ಅಮ್ಮ

ವಿ.ಸೂ.: ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಮೇಲೆ ಹೇಳಿದ್ದೇನನ್ನೂ ಮಾಡಬೇಡ. ಈಗ ತಾನೇ ನಿಮ್ಮಪ್ಪ ಮೇಲೆ ಬಂದು ಮುಖ ತೊಳೆದು, ಕರವಸ್ತ್ರ ಇಲ್ಲದೆ ಹಾಲಿನಲ್ಲಿ ನಿಂತಿದ್ದರು, ಕೂರೋ ಹಾಲಿನಲ್ಲಿ. ಅಜ್ಜಿ ನೀರು ಕುಡಿಯಲು ಎದ್ದು ಬಂದವರು ಬಾಗಿಲಲ್ಲೇ ನಿಂತು, ಸೆರಗು ಸರಿ ಮಾಡಿಕೊಂಡು, "ರೀ, ಯಾವಾಗ ಬಂದ್ರಿ?" ಎಂದರು. ಈ ಮನೆಯಲ್ಲಿ ರೀ ಎನ್ನುವವಳು ನಾನೊಬ್ಬಳೇ. ಅಜ್ಜಿಯ ಬಾಯಲ್ಲಿ ಆ ಮಾತು ನಾನು ಇದುವರೆಗೆ ಕೇಳಿಯೇ ಇರಲಿಲ್ಲ. ಆಮೇಲೆ ಹತ್ತಿರ ಬಂದು ನೋಡಿ, "ಥೂ, ನೀನೇನೋ" ಎಂದು ಅಲ್ಲೇ ಕೂತು ಅತ್ತರು. ನಿಮ್ಮಪ್ಪ ಮೆಲ್ಲಗೆ, "ಅಪ್ಪಂಗೆ ಮೀಸೆ ಇರ್ಲಿಲ್ವಾ?" ಎಂದರು. "ಮೀಸೆನಾ? ಪಾಪ, ಅವರಿಗೆ ಬೆಳೀತಾನೇ ಇರ್ಲಿಲ್ಲ" ಎಂದರು ಅಜ್ಜಿ.

ಇದರ ಜೊತೆ ನಿಮ್ಮಪ್ಪನ ಫೋಟೋ ತೆಗೆದು ಕಳಿಸುತ್ತಿದ್ದೇನೆ, ಈ ಸಲ ಗೋಡೆಯಿಂದಲ್ಲ. ಟೀಚರಮ್ಮನ ಮನೆಯ ಮೆಷಿನ್ನಿನಲ್ಲಿ ಪ್ರಿಂಟ್ ಹಾಕಿಸಿದ್ದು, ಮುಖ ಸ್ವಲ್ಪ ಕೆಂಪಾಗಿದೆ. ಇದನ್ನು ನೋಡಿಕೊಂಡು ನಿಮ್ಮ ಅಜ್ಜನ ಚಿತ್ರ ಬರಿ. ಅಜ್ಜಿ ಹೇಳಿದ್ದು ಇಷ್ಟು: ಕಿವಿ ಇನ್ನೂ ಸ್ವಲ್ಪ ಹೊರಗೆ ಚಾಚಬೇಕು, ಕೂದಲು ಎಡಕ್ಕೆ ಬಾಚಬೇಕು, ಈಗ ಸೀನುತ್ತಾರೋ ಏನೋ ಎನ್ನುವ ಹಾಗಿರಬೇಕು. ಎಣ್ಣೆಯವನನ್ನೂ ಸೀಸೆ ಸಮೇತ ವಾಪಸ್ ಕಳಿಸಬೇಕಂತೆ, ತಮ್ಮ ಕೋಣೆಗೆ. ಇಷ್ಟು ವರ್ಷ ಎದುರು ಮಾತಾಡದೆ ಕೇಳಿದವನು ಅವನೊಬ್ಬನೇ ಅಂತೆ. ಎಲ್ಲ ಬೇಗ ಮಾಡು. ನಿಮ್ಮಪ್ಪನನ್ನು ಊಟಕ್ಕೆ ಕರೆದು ಕರೆದು ಸಾಕಾಯಿತು, ಆಗಿನಿಂದ ಕನ್ನಡಿ ಮುಂದೆಯೇ ನಿಂತಿದ್ದಾರೆ. "ಬಂದೆ ಇರು, ನಮ್ಮಪ್ಪನ್ನ ನೋಡ್ತಿದೀನಿ" ಎನ್ನುತ್ತಿದ್ದಾರೆ.